ಮನೆಯೊಳಗೆ ಬಂದ ನೀರಿನ ಲೆಕ್ಕ

ಮೇ ತಿಂಗಳು ಮುಗಿಯುತ್ತ ಬಂದಂತೆ ಓದುಗರ ಪ್ರಶ್ನೆಗಳೆಲ್ಲ ಒಂದೇ ಕಡೆ ತಿರುಗುತ್ತವೆ. "ನಮ್ಮ ಸೊಸೈಟಿಗೆ ಇನ್ಶೂರೆನ್ಸ್ ಉಂಟು. ನಮ್ಮದು ನೆಲಮಹಡಿ. ನೀರು ನುಗ್ಗಿದರೆ ಫ್ರಿಜ್, ಮಂಚ, ಕಪಾಟಿಗೆಲ್ಲ ದುಡ್ಡು ಸಿಗುತ್ತದೆಯೇ?" ಎಂದು ಕುರ್ಲಾದ ಗೃಹಿಣಿಯೊಬ್ಬರು ಬರೆಯುತ್ತಾರೆ. "ಹೋಟೆಲಿಗೆ ಫೈರ್ ಪಾಲಿಸಿ ಮಾಡಿಸಿದ್ದೇನೆ, ನೀರಿನದ್ದೂ ಅದರಲ್ಲೇ ಬರುತ್ತದಾ?" ಎಂದು ಕಲಿನಾದ ಹೋಟೆಲ್ ಮಾಲೀಕರು ಫೋನಿನಲ್ಲಿ ವಿಚಾರಿಸುತ್ತಾರೆ. ಡೊಂಬಿವಲಿಯ ನಿವೃತ್ತ ಶಿಕ್ಷಕರಿಗೆ ಕಟ್ಟಡದ ಕೆಳಗೆ ನಿಲ್ಲಿಸಿದ ಕಾರಿನ ಚಿಂತೆ. ಪ್ರತಿ ಮಳೆಗಾಲದ ಹೊಸ್ತಿಲಲ್ಲಿ ಬರುವ ಪ್ರಶ್ನೆಗಳಾದ್ದರಿಂದ ಈ ವಾರ ಪೂರ್ತಿ ಇದಕ್ಕೇ ಮೀಸಲು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ನೆರೆಗೆಂದು ಪ್ರತ್ಯೇಕ ಪಾಲಿಸಿ ಹುಡುಕಬೇಕಾಗಿಲ್ಲ. ಮನೆಗೋ ಅಂಗಡಿಗೋ ಮಾಡಿಸುವ ಸಾಮಾನ್ಯ ವಿಮೆಯೊಳಗೇ ಅದು ಸೇರಿರುತ್ತದೆ, ಕಂತೂ ದುಬಾರಿಯಲ್ಲ. ತೊಡಕು ಇರುವುದು ಬೇರೆ ಕಡೆ. ಗೋಡೆ ಒಂದು ಪಾಲಿಸಿಗೆ ಸೇರಿದ್ದರೆ ಗೋಡೆಯೊಳಗಿನ ಸಾಮಾನು ಇನ್ನೊಂದಕ್ಕೆ, ಕೆಳಗೆ ನಿಂತ ಕಾರು ಮತ್ತೊಂದಕ್ಕೆ. ಇವುಗಳಲ್ಲಿ ಯಾವುದು ಯಾರ ಹೆಸರಿನಲ್ಲಿದೆ, ಎಷ್ಟು ಮೊತ್ತಕ್ಕಿದೆ ಎಂದು ನೋಡಿಟ್ಟುಕೊಂಡವರು ಬಹಳ ಕಡಿಮೆ. ನೀರು ಇಳಿದ ಮೇಲೆ ಕೆಸರಲ್ಲಿ ನಿಂತು ಕಾಗದ ಹುಡುಕುವಾಗ ಅದು ಗೊತ್ತಾಗುತ್ತದೆ. ಹಾಗಾಗಬಾರದು ಎಂಬುದೇ ಈ ಬರಹದ ಆಶಯ.

ವಿಮೆಯ ಮಾತಿಗೆ ಮುಂಚೆ ಮುಂಬಯಿಗೆ ನೀರು ಯಾಕೆ ತುಂಬುತ್ತದೆ ಎಂದು ತಿಳಿಯಬೇಕು. ನೇತ್ರಾವತಿ, ಸ್ವರ್ಣಾ, ಸೀತಾನದಿಗಳ ದಂಡೆಯಲ್ಲಿ ಬೆಳೆದವರಿಗೆ ನೆರೆ ಎಂದರೆ ಹೊಳೆ ಉಕ್ಕಿ ಗದ್ದೆ ತೋಟಕ್ಕೆ ಏರುವ ನೀರು. ಮುಂಬಯಿಯ ನೀರಿನ ನಡೆ ಬೇರೆ. ಏಳು ದ್ವೀಪಗಳ ನಡುವಿನ ಖಾಡಿಗಳಿಗೆ ಮಣ್ಣು ತುಂಬಿಸಿ ಬೆಳೆಸಿದ ಊರಿದು; ತುಂಬಿಸಿದ ಎಷ್ಟೋ ಜಾಗ ಇಂದಿಗೂ ತಗ್ಗಿನಲ್ಲಿದೆ. ಸುರಿದ ಮಳೆಯೆಲ್ಲ ಚರಂಡಿ, ನಾಲಾಗಳ ಮೂಲಕ ಕಡಲನ್ನೋ ಖಾಡಿಯನ್ನೋ ಸೇರಬೇಕು. ಭರತದ ಹೊತ್ತಿಗೆ ಕಡಲಿನ ಮಟ್ಟ ನಾಲಾದ ಬಾಯಿಗಿಂತ ಮೇಲೇರುತ್ತದೆ. ಆಗ ಬಾಯಿಯ ಗೇಟು ತೆರೆದಿದ್ದರೆ ಕಡಲ ನೀರು ಒಳನುಗ್ಗುತ್ತದೆ, ಮುಚ್ಚಿದ್ದರೆ ಮಳೆನೀರು ಒಳಗೇ ಉಳಿಯುತ್ತದೆ. ನಗರದ ಮಳೆನೀರು ಹೊರಬೀಳುವ 186 ಬಾಯಿಗಳಲ್ಲಿ 45 ಸರಾಸರಿ ಕಡಲಮಟ್ಟಕ್ಕಿಂತಲೂ ಕೆಳಗಿವೆ. ಇನ್ನು 135 ಅದಕ್ಕಿಂತ ಮೇಲಿದ್ದರೂ ಭರತದ ಮಟ್ಟಕ್ಕಿಂತ ಕೆಳಗೆ. ಭರತದ ಮಟ್ಟಕ್ಕಿಂತ ಮೇಲಿರುವುದು ಆರೇ ಆರು. ಜೋರು ಮಳೆ ಮತ್ತು ದೊಡ್ಡ ಭರತ ಒಟ್ಟಿಗೆ ಬಂದ ದಿನ ಈ ಊರಿಗೆ ಉಸಿರು ಕಟ್ಟುವುದು ಇದರಿಂದಲೇ.

2005ರ ಜುಲೈ 26ರಂದು ಹೀಗೇ ಆಯಿತು. ಅಂದು ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಭರತ. ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಮಧ್ಯಾಹ್ನದಿಂದ ರಾತ್ರಿಯೊಳಗೆ ಸುರಿದದ್ದು. ಬ್ರಿಟಿಷರ ಕಾಲದ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕಕ್ಕೆ. ವಿಹಾರ್ ಮತ್ತು ಪೊವೈ ಕೆರೆಗಳ ತುಂಬಿದ ನೀರಿನಿಂದ ಹುಟ್ಟಿ, ವಿಮಾನ ನಿಲ್ದಾಣದ ಅಡಿಯಿಂದ ಹಾದು, ಕುರ್ಲಾ, ಕಲಿನಾ ಬಳಸಿ ಮಾಹಿಮ್ ಖಾಡಿ ಸೇರುವ ಮಿಠಿ ನದಿ ಅಂದು ತನ್ನ ಹಳೆಯ ಜಾಗವನ್ನೆಲ್ಲ ಮರಳಿ ಆವರಿಸಿತು. ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಆ ಮಳೆಗೆ ಬಲಿಯಾದರು. ನೀರಿಳಿದ ಮೇಲೆ ಎಲ್‌ಬಿಎಸ್ ಮಾರ್ಗದ ಉದ್ದಕ್ಕೂ ನಡೆದು ಹೋದದ್ದು ನನಗೆ ಇಂದಿಗೂ ನೆನಪಿದೆ. ಫುಟ್‌ಪಾತಿನ ಮೇಲೆ ಒದ್ದೆಯಾಗಿ ಕೆಟ್ಟ ಅಕ್ಕಿ ಮೂಟೆ, ಮಣ್ಣು ಮೆತ್ತಿದ ಗ್ರೈಂಡರ್, ಮಕ್ಕಳ ಶಾಲಾ ಪುಸ್ತಕಗಳ ರಾಶಿ. ಒಂದೊಂದು ರಾಶಿಯ ಪಕ್ಕದಲ್ಲೂ ಒಬ್ಬರು ಏನನ್ನು ಉಳಿಸಿಕೊಳ್ಳಬಹುದು ಎಂದು ತಡಕಾಡುತ್ತಿದ್ದರು.

ಅದೇ ದಿನ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿ.ಮೀ. ಮಾತ್ರ. ಇದನ್ನು ಕೇಳಿದ ದಕ್ಷಿಣ ಮುಂಬಯಿಯವರು ತಮ್ಮ ಕಡೆ ಅಂಥ ಭಯವಿಲ್ಲ ಎಂದುಕೊಂಡಿದ್ದರು. 2020ರ ಆಗಸ್ಟ್ 5ರಂದು ಲೆಕ್ಕ ತಲೆಕೆಳಗಾಯಿತು. ಕೊಲಾಬಾದಲ್ಲಿ ಒಂದೇ ದಿನ 330 ಮಿ.ಮೀ.ಗೂ ಹೆಚ್ಚು ಸುರಿದರೆ ಸಾಂತಾಕ್ರೂಜ್‌ನಲ್ಲಿ ಅದರ ಅರ್ಧದಷ್ಟು. ಗಾಳಿ ಗಂಟೆಗೆ ನೂರು ಕಿಲೋಮೀಟರ್ ದಾಟಿತು. ಚರ್ಚ್‌ಗೇಟ್, ಮರೀನ್ ಡ್ರೈವ್ ಕಡೆಯವರು ಕಾಣದ ನೀರನ್ನು ಕಂಡರು. 2025ರ ಮೇ 26ರಂದು ಮುಂಗಾರು ದಶಕಗಳಲ್ಲೇ ಬೇಗ ಬಂದಿಳಿದಾಗ ವರ್ಲಿಯ ಆಚಾರ್ಯ ಅತ್ರೆ ಚೌಕದ ಹೊಚ್ಚಹೊಸ ನೆಲದಡಿ ಮೆಟ್ರೊ ನಿಲ್ದಾಣಕ್ಕೇ ನೀರು ನುಗ್ಗಿತು. ಅದೇ ವರ್ಷ ಆಗಸ್ಟ್ 19ರಂದು ಮಿಠಿ ಅಪಾಯದ ಮಟ್ಟ ತಲುಪಿ ಕುರ್ಲಾದ ಕ್ರಾಂತಿ ನಗರದ ಜನರನ್ನು ಸ್ಥಳಾಂತರಿಸಬೇಕಾಯಿತು. ಅಂದೇ ಸಂಜೆ ಚೆಂಬೂರಿನ ಮೈಸೂರ್ ಕಾಲನಿ ಬಳಿ ಕಿಕ್ಕಿರಿದ ಮೋನೊರೈಲು ನಡುಹಾದಿಯಲ್ಲಿ ನಿಂತು ಐನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಏಣಿ ಹಾಕಿ ಇಳಿಸಲಾಯಿತು. ನಮ್ಮ ಏರಿಯಾಕ್ಕೆ ಇದುವರೆಗೆ ನೀರು ಬಂದಿಲ್ಲ ಎನ್ನುವ ಧೈರ್ಯವನ್ನು ಆದ್ದರಿಂದಲೇ ನಾನು ಒಪ್ಪುವುದಿಲ್ಲ. ಯಾವ ಮೋಡ ಯಾವ ರಸ್ತೆಯ ಮೇಲೆ ನಿಲ್ಲುತ್ತದೆ ಎಂದು ಮುಂಗಡವಾಗಿ ಬರೆದುಕೊಡುವವರಿಲ್ಲ.

ಇನ್ನು ಪಾಲಿಸಿಯ ಕಡೆಗೆ ಬರೋಣ. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆಯಿಂದ ನೆರೆಯನ್ನು ಹೊರಗಿಟ್ಟಿದ್ದಾರೆ. ಖಾಸಗಿ ಕಂಪನಿಗಳು ಹಿಂದೆ ಸರಿದದ್ದರಿಂದ 1968ರಲ್ಲಿ ಸರ್ಕಾರವೇ ರಾಷ್ಟ್ರೀಯ ನೆರೆ ವಿಮಾ ಯೋಜನೆ ತೆರೆಯಿತು. ನೆರೆಯಿಂದ ರಕ್ಷಣೆ ಬೇಕಾದವರು ಅದನ್ನು ಬೇರೆಯಾಗಿ ಕೊಳ್ಳಬೇಕು, ಕೊಂಡ ಮೇಲೂ ಸಾಮಾನ್ಯವಾಗಿ 30 ದಿನ ಕಾಯಬೇಕು. ನ್ಯೂಜೆರ್ಸಿಯಲ್ಲೋ ಹ್ಯೂಸ್ಟನ್‌ನಲ್ಲೋ ಮನೆ ಮಾಡಿರುವ ಮಕ್ಕಳಿಂದ ಈ ಮಾತು ಕೇಳಿಸಿಕೊಂಡು ಇಲ್ಲೂ ಹಾಗೆಯೇ ಎಂದು ತಿಳಿದ ಹಿರಿಯರಿದ್ದಾರೆ. ನಮ್ಮಲ್ಲಿ ಬೆಂಕಿ ವಿಮೆಯೊಳಗೇ ಬಿರುಗಾಳಿ, ಚಂಡಮಾರುತ, ನೆರೆ, ಜಲಾವೃತವಾಗುವುದು ಇವೆಲ್ಲ ಒಂದು ಗುಂಪಾಗಿ ಸೇರಿವೆ. ಏಜೆಂಟರ ಬಾಯಲ್ಲಿ ಇದು ಎಸ್‌ಟಿಎಫ್‌ಐ ಕವರ್. ನಿಮ್ಮ ಫೈರ್ ಪಾಲಿಸಿಯಲ್ಲಿ ಈ ನಾಲ್ಕಕ್ಷರ ಇದೆಯೇ ಎಂದು ನೋಡುವುದು ಮೊದಲ ಕೆಲಸ. ಹಳೆಯ ಫೈರ್ ಟ್ಯಾರಿಫ್‌ನಲ್ಲಿ ಈ ಗುಂಪನ್ನು ತೆಗೆಸಿ ಕಂತು ಇಳಿಸಿಕೊಳ್ಳಲು ಅವಕಾಶವಿತ್ತು. ದೊಡ್ಡ ವ್ಯಾಪಾರಿಗಳ ಪಾಲಿಸಿ ವರ್ಷದಿಂದ ವರ್ಷಕ್ಕೆ ಹಾಗೆಯೇ ನವೀಕರಣವಾಗುತ್ತ ಬಂದಿದ್ದರೆ, ಯಾವತ್ತೋ ಉಳಿಸಿದ ಸಣ್ಣ ಮೊತ್ತದ ಬೆಲೆ ಇಂದು ದೊಡ್ಡದಾಗಬಹುದು.

ಮನೆಯವರಿಗೆ ಈಗ ದಾರಿ ಸುಲಭವಾಗಿದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರಬೇಕಾದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿಯನ್ನು ತಂದಿತು. ಬೆಂಕಿ, ಭೂಕಂಪ, ನೆರೆ, ಭೂಕುಸಿತ ಎಲ್ಲ ಇದರಲ್ಲಿವೆ. ಹತ್ತು ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ಇಲ್ಲಿ ಕಟ್ಟಡದ ಬೆಲೆ ಎಂದರೆ ಮಾರುಕಟ್ಟೆ ಬೆಲೆ ಅಲ್ಲವೆಂಬುದನ್ನು ಗಮನಿಸಿ. ಮುಂಬಯಿಯಲ್ಲಿ ನಾವು ಕೊಡುವ ದುಡ್ಡಿನಲ್ಲಿ ಹೆಚ್ಚಿನದು ನೆಲದ ಬೆಲೆ. ನೆಲವನ್ನು ನೀರು ಕೊಂಡೊಯ್ಯುವುದಿಲ್ಲ. ವಿಮೆಗೆ ಬೇಕಾದದ್ದು ಮರಳಿ ಕಟ್ಟುವ ಖರ್ಚು. 600 ಚದರಡಿ ಕಾರ್ಪೆಟ್ ಜಾಗದ ಫ್ಲ್ಯಾಟಿಗೆ ಚದರಡಿಗೆ ₹3,500 ಹಿಡಿದರೆ ₹21 ಲಕ್ಷ. ಆ ಫ್ಲ್ಯಾಟಿನ ಮಾರುಕಟ್ಟೆ ಬೆಲೆ ಕೋಟಿ ದಾಟಿದ್ದರೂ ವಿಮೆ ಈ ₹21 ಲಕ್ಷಕ್ಕೆ ಸಾಕು, ಕಂತೂ ಅದಕ್ಕೆ ತಕ್ಕಂತೆ. ಹೀಗಾಗಿಯೇ ಸಾಮಾನ್ಯ ಫ್ಲ್ಯಾಟಿಗೆ ವರ್ಷದ ಖರ್ಚು ಒಂದು ಕುಟುಂಬದ ಹಬ್ಬದ ಬಟ್ಟೆಯ ಖರ್ಚನ್ನೂ ಮುಟ್ಟುವುದಿಲ್ಲ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ, ತಾನಾಗಿ ರಕ್ಷಣೆ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ₹4.2 ಲಕ್ಷ. ಅಷ್ಟು ಸಾಲದಿದ್ದರೆ ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಚಿನ್ನ, ಬೆಳ್ಳಿಗೆ ಪ್ರತ್ಯೇಕವಾಗಿ ಹೇಳಿ ಸೇರಿಸಬೇಕು. ನಗದು ಹಣ ಇದರಲ್ಲಿ ಬರುವುದೇ ಇಲ್ಲ. ಬಾಡಿಗೆಗೆ ಇರುವವರು, ಪಗಡಿ ಮನೆಯವರು ಕಟ್ಟಡವನ್ನು ಬಿಟ್ಟು ಸಾಮಾನಿಗಷ್ಟೇ ಮಾಡಿಸಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ ಬೇರೆ ಕಡೆ ಬಾಡಿಗೆಗೆ ಇರುವ ಖರ್ಚಿಗೂ ಅವಕಾಶವಿದೆ. ಈ ಪಾಲಿಸಿಯ ಇನ್ನೊಂದು ಒಳ್ಳೆಯ ಗುಣವೆಂದರೆ, ನೀವು ಬೆಲೆ ಕಡಿಮೆ ತೋರಿಸಿದ್ದೀರಿ ಎಂದು ಪರಿಹಾರವನ್ನು ಪ್ರಮಾಣಕ್ಕೆ ತಕ್ಕಂತೆ ಕಡಿಯುವ ಪದ್ಧತಿ ಇದರಲ್ಲಿ ಇಲ್ಲ.

ಕುರ್ಲಾದ ಓದುಗರ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ ಸೊಸೈಟಿ ತನ್ನ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಮಾಡಿಸಲೇಬೇಕು. ಮೇಂಟೆನೆನ್ಸ್ ಬಿಲ್ಲಿನಲ್ಲಿ ನೀವು ಕೊಡುವ ವಿಮೆಯ ಪಾಲು ಅದಕ್ಕೇ ಹೋಗುತ್ತದೆ. ಅದು ಗೋಡೆ, ಚಾವಣಿ, ಮೆಟ್ಟಿಲು, ಪಂಪು, ಲಿಫ್ಟಿನ ವಿಷಯ. ನಿಮ್ಮ ಮಂಚ, ಫ್ರಿಜ್, ಕಪಾಟು ಅದರಲ್ಲಿಲ್ಲ. ಆದ್ದರಿಂದ ಮುಂದಿನ ಮೀಟಿಂಗಿನಲ್ಲಿ ಸೆಕ್ರೆಟರಿಯವರಲ್ಲಿ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ನೆರೆ ಸೇರಿದೆಯೇ, ನೆಲದಡಿಯ ಪಂಪ್ ರೂಮು, ಮೀಟರ್ ರೂಮು ಸೇರಿವೆಯೇ ಎಂದು ನೋಡಿ. ಒಳಗಿನ ಸಾಮಾನಿಗೆ ನಿಮ್ಮದೇ ಪಾಲಿಸಿ ಮಾಡಿಸಿಕೊಳ್ಳಿ. ಗೋಡೆಯಲ್ಲಿ ನೀರು ಜಿನುಗುವುದು, ಟೆರೇಸ್ ಸೋರಿ ಬಣ್ಣ ಏಳುವುದು ನೆರೆಯ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ನಿಧಾನವಾಗಿ ಆಗುವ ಹಾಳು ದುರಸ್ತಿಯ ವಿಷಯ, ಒಮ್ಮೆಲೇ ಬಂದೆರಗಿದ್ದು ವಿಮೆಯ ವಿಷಯ. ಮಳೆಗಾಲದ ನಿರಾಸೆಗಳಲ್ಲಿ ಬಹಳಷ್ಟು ಈ ಗೆರೆ ತಿಳಿಯದೆ ಆಗುವಂಥವು. ರಜೆಗೆ ಊರಿಗೆ ಹೋಗಿ ಮನೆಗೆ ವಾರಗಟ್ಟಲೆ ಬೀಗ ಹಾಕುವವರು, ಖಾಲಿ ಬಿಟ್ಟ ಮನೆಯ ಬಗ್ಗೆ ಪಾಲಿಸಿ ಏನು ಹೇಳುತ್ತದೆ ಎಂದು ಹೊರಡುವ ಮುಂಚೆಯೇ ಓದಿಕೊಳ್ಳಬೇಕು.

ನಮ್ಮವರ ಹೋಟೆಲುಗಳ ವಿಷಯವನ್ನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಮಾಟುಂಗಾ, ಕಿಂಗ್ಸ್ ಸರ್ಕಲ್, ಸಯನ್, ದಾದರ್‌ನ ಹಿಂದ್‌ಮಾತಾ, ಕುರ್ಲಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ: ನೀರು ನಿಲ್ಲುವ ಜಾಗಗಳ ಹೆಸರು ಹೇಳುತ್ತ ಹೋದರೆ ಉಡುಪಿ ಹೋಟೆಲುಗಳ ದಾರಿಯನ್ನೇ ಹೇಳಿದಂತಾಗುತ್ತದೆ. ಹೋಟೆಲ್ ಎಂದರೆ ನೆಲಮಹಡಿ. ಅಡುಗೆಮನೆ, ಫ್ರೀಜರ್, ಗ್ರೈಂಡರ್, ದಿನಸಿ ಗೋಡೌನ್ ಎಲ್ಲ ನೀರಿನ ಕೈಗೆಟಕುವ ಎತ್ತರದಲ್ಲೇ ಇರುತ್ತವೆ. 2005ರ ನೆರೆಯಲ್ಲಿ ನನಗೆ ಪರಿಚಿತ ಹೋಟೆಲ್ ಮಾಲೀಕರೊಬ್ಬರ ಕೆಳಗಿನ ಗೋಡೌನು ಪೂರ್ತಿ ಮುಳುಗಿತು. ಪಾಲಿಸಿ ಇತ್ತು, ಅದರಲ್ಲಿ ನೆರೆಯೂ ಇತ್ತು. ಆದರೆ ಸಾಲ ಪಡೆಯುವಾಗ ಬ್ಯಾಂಕು ಕೇಳಿದ್ದಕ್ಕೆಂದು ಸಾಲದ ಮೊತ್ತಕ್ಕಷ್ಟೇ ಮಾಡಿಸಿದ್ದ ಪಾಲಿಸಿ ಅದು. ಇಂಟೀರಿಯರ್ ಮತ್ತು ಯಂತ್ರಗಳಿಗೆ ಮಾತ್ರ. ದಿನಸಿ ಅದರಲ್ಲಿ ಇರಲಿಲ್ಲ. ಬಂದ ಪರಿಹಾರ ಮೊದಲು ಬ್ಯಾಂಕಿನ ಸಾಲಕ್ಕೆ ಜಮೆಯಾಯಿತು. ಮತ್ತೆ ಒಲೆ ಹಚ್ಚಲು ಅವರು ಊರಿನ ಜಾಗ ಮಾರಬೇಕಾಯಿತು. ಆ ಮನುಷ್ಯ ಬೆಳಿಗ್ಗೆ ನಾಲ್ಕಕ್ಕೆ ಎದ್ದು ದುಡಿದು ಕಟ್ಟಿದ್ದೆಲ್ಲ ಒಂದು ಸಂಜೆಯಲ್ಲಿ ಹೋದದ್ದನ್ನು ಕಂಡ ನೋವೇ ನನ್ನನ್ನು ಈ ವಿಷಯ ಓದಿ ತಿಳಿಯುವಂತೆ ಮಾಡಿತು.

ಇಂದು ಸಣ್ಣ ವ್ಯಾಪಾರಕ್ಕೂ ಮಾದರಿ ಪಾಲಿಸಿಗಳಿವೆ. ಒಂದು ಜಾಗದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ ₹5 ಕೋಟಿವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ', ಅದರ ಮೇಲೆ ₹50 ಕೋಟಿವರೆಗೆ 'ಭಾರತ್ ಲಘು ಉದ್ಯಮ್ ಸುರಕ್ಷಾ'. ಮನೆ ಪಾಲಿಸಿಯಲ್ಲಿಲ್ಲದ ಒಂದು ನಿಯಮ ಇಲ್ಲಿ ಇದೆ. ಗೋಡೌನಿನಲ್ಲಿ ₹10 ಲಕ್ಷದ ಮಾಲು ಇಟ್ಟುಕೊಂಡು ₹5 ಲಕ್ಷಕ್ಕಷ್ಟೇ ವಿಮೆ ಮಾಡಿಸಿದಿರಿ ಎನ್ನೋಣ. ನೀರಿಗೆ ₹4 ಲಕ್ಷದ ಮಾಲು ಹಾಳಾಯಿತು. ₹5 ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಎಂದು ಅನಿಸುತ್ತದೆ. ಆದರೆ ಕಂಪನಿ ಹೇಳುವುದು, ಅರ್ಧ ಬೆಲೆಗೆ ಕಂತು ಕಟ್ಟಿದ್ದೀರಿ, ಅರ್ಧ ನಷ್ಟ ನಿಮ್ಮದು, ₹2 ಲಕ್ಷ ತೆಗೆದುಕೊಳ್ಳಿ ಎಂದು. ಶೇ. 15ರವರೆಗಿನ ಕೊರತೆಯನ್ನು ಈ ಪಾಲಿಸಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರಾಚೆಗೆ ಹಿಡಿಯುತ್ತವೆ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದಂತೆ ಮಾಲಿನ ಮೊತ್ತವನ್ನೂ ವರ್ಷವರ್ಷ ಏರಿಸಲೇಬೇಕು.

ಹೋಟೆಲಿನವರು ಇನ್ನೂ ಒಂದು ವಿಷಯ ಗಮನಿಸಬೇಕು. ಜೋರು ಮಳೆಯಲ್ಲಿ ಅಪಾಯ ತಪ್ಪಿಸಲು ಕರೆಂಟು ತೆಗೆಯುತ್ತಾರೆ. ನೀರು ಮುಟ್ಟದ ಮೇಲಂತಸ್ತಿನ ಫ್ರೀಜರಿನಲ್ಲೂ ಮೀನು, ಮಾಂಸ, ಹಾಲು ಕೆಡುತ್ತವೆ. ಅದು ನೆರೆ ಮಾಡಿದ ನೇರ ಹಾನಿಯಲ್ಲವಾದ್ದರಿಂದ ಸಾಮಾನ್ಯ ಪಾಲಿಸಿ ಒಪ್ಪುವುದಿಲ್ಲ. ಶೈತ್ಯದಲ್ಲಿಟ್ಟ ಮಾಲು ಕೆಡುವುದಕ್ಕೆ ಬೇರೆ ಕವರ್ ಸೇರಿಸಿಕೊಳ್ಳಬೇಕು. ಹೋಟೆಲು ಮುಚ್ಚಿದ ದಿನಗಳ ಲಾಭಕ್ಕೂ ಹಾಗೆಯೇ. ಕೆಲಸದ ಹುಡುಗರಿಗೆ ಆ ದಿನಗಳಲ್ಲೂ ಸಂಬಳ ಕೊಡಬೇಕಲ್ಲ, ಆ ಖರ್ಚನ್ನು ಹೊರುವ ಕವರ್ ಇದೆಯೇ ಎಂದು ಏಜೆಂಟರನ್ನು ಕೇಳಿ. ಮಾಲನ್ನು ನೆಲದಿಂದ ಇಷ್ಟು ಎತ್ತರದಲ್ಲಿ ಇಡಬೇಕೆಂಬ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ಅದಿರಲಿ ಬಿಡಲಿ, ಜೂನ್‌ಗೆ ಮುಂಚೆ ಮೂಟೆಗಳನ್ನು ಹಲಗೆಯ ಮೇಲೇರಿಸುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಕಾರಿನ ಲೆಕ್ಕ ಚಿಕ್ಕದು. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ಕಾರಿಗೆ ನೀರು ಮಾಡಿದ ಹಾನಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಸ್ವಂತ ಹಾನಿಯ ಭಾಗವೂ ಇರುವ ಕಾಂಪ್ರಹೆನ್ಸಿವ್ ಪಾಲಿಸಿ ಬೇಕು. ಅದಿದ್ದರೂ ಎಂಜಿನ್ನಿನ ವಿಷಯದಲ್ಲಿ ಎಚ್ಚರ ಬೇಕು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಸೇರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಒತ್ತಲು ಹೋದ ಪಿಸ್ಟನ್ನಿನ ರಾಡ್ ಬಾಗುತ್ತದೆ, ಎಂಜಿನ್ ಹೋಗುತ್ತದೆ. ಅದನ್ನು ಚಾಲಕ ಮಾಡಿಕೊಂಡ ಹಾನಿ ಎಂದು ಕಂಪನಿಗಳು ತಳ್ಳಿಹಾಕುತ್ತವೆ. ಎಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇದ್ದರೆ ಮಾತು ಬೇರೆ. ಮುಂಬಯಿಯಲ್ಲಿ ಕಾರಿಟ್ಟವರಿಗೆ ಅದನ್ನು ಸೇರಿಸಿ ಎಂದೇ ನನ್ನ ಸಲಹೆ. ನೀರು ಮುಟ್ಟಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಹೊಸ ಕಟ್ಟಡಗಳ ಪಿಟ್ ಪಾರ್ಕಿಂಗಿನಲ್ಲಿ ಕೆಳಗಿನ ಜಾಗ ನಿಮ್ಮದಾಗಿದ್ದರೆ ರೆಡ್ ಅಲರ್ಟ್ ದಿನ ಕಾರನ್ನು ಮೇಲೆ ತಂದು ನಿಲ್ಲಿಸಿ.

ಇಷ್ಟೆಲ್ಲ ಸರಿಯಿದ್ದರೂ ಕ್ಲೇಮ್ ಸೋಲುವುದು ನೀರಿಳಿದ ಮೊದಲ ಎರಡು ದಿನಗಳಲ್ಲಿ ನಾವು ಮಾಡುವುದರಿಂದ. ಮನೆ ತೊಳೆಯುವ ಆತುರ ಸಹಜ, ಅದಕ್ಕೂ ಮುಂಚೆ ಫೋಟೊ, ವಿಡಿಯೊ ತೆಗೆಯಬೇಕು. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣುವಂತೆ, ಪ್ರತಿ ವಸ್ತುವಿನ ಮಾಡೆಲ್ ನಂಬರ್ ಕಾಣುವಂತೆ ತೆಗೆಯಿರಿ. ಅಂದೇ ಕಂಪನಿಗೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ, ಒಂದು ಇಮೇಲನ್ನೂ ಕಳಿಸಿ. ಹಾಳಾದ ಸಾಮಾನನ್ನು ಸರ್ವೇಯರ್ ನೋಡುವವರೆಗೆ ಎಸೆಯಬಾರದು. ಆದರೆ ಕೊಳೆಯುವ ಮೀನು, ಮಾಂಸವನ್ನು ಇಟ್ಟುಕೊಂಡು ಕೂರಲಾಗದು. 2005ರ ನೆರೆಯ ಹಿಂದೆಯೇ ಬಂದ ಲೆಪ್ಟೊಸ್ಪೈರೋಸಿಸ್ ಜ್ವರವನ್ನು ಈ ಊರು ಮರೆತಿಲ್ಲ. ಫೋಟೊ ಕಳಿಸಿ, ಎಸೆಯಲು ಅನುಮತಿಯನ್ನು ಬರಹದಲ್ಲಿ ಕೇಳಿ. ಬಿಲ್ಲುಗಳನ್ನು ನೆಲದ ಪೆಟ್ಟಿಗೆಯಲ್ಲಿ ಇಡದೆ ಫೋನಿಗೋ ಇಮೇಲಿಗೋ ಹಾಕಿಟ್ಟಿರಬೇಕು. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬರದಿದ್ದರೆ, ಸಾಂತಾಕ್ರೂಜ್ ಪಶ್ಚಿಮದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ವಕೀಲರು ಬೇಡ, ಶುಲ್ಕವಿಲ್ಲ. ಮನೆಯವರಿಗೂ ಅತಿಸಣ್ಣ ವ್ಯಾಪಾರಿಗಳಿಗೂ ₹50 ಲಕ್ಷದವರೆಗಿನ ವಿವಾದವನ್ನು ಅವರು ಕೇಳುತ್ತಾರೆ.

ಯಾವಾಗ ಮಾಡಿಸಬೇಕು ಎಂಬುದಕ್ಕೆ ನಮ್ಮ ಹಿರಿಯರ ಗಾದೆಯೇ ಸಾಕು: ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಅಪಾಯ ಎದುರಿಗೆ ಬಂದ ಮೇಲೆ ಕಂಪನಿಗಳು ಹೊಸ ಪಾಲಿಸಿಗೆ ಹಿಂದೇಟು ಹಾಕುತ್ತವೆ. ಏಪ್ರಿಲ್, ಮೇ ಒಳ್ಳೆಯ ಕಾಲ. ಅದೇ ಹೊತ್ತಿಗೆ ಪಾಲಿಕೆ ಆ ಮಳೆಗಾಲದ ದೊಡ್ಡ ಭರತದ ದಿನಗಳ ಪಟ್ಟಿಯನ್ನೂ ಹೊರಡಿಸುತ್ತದೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಪಾಲಿಕೆಯ ವಿಪತ್ತು ನಿರ್ವಹಣಾ ಸಂಖ್ಯೆ 1916ನ್ನೂ ಅದರ ಪಕ್ಕದಲ್ಲೇ ಬರೆದಿಡಿ.

ವಿಮೆ ಮಾಡಿಸಿಕೊಳ್ಳಿ ಎನ್ನುವುದು ಚರಂಡಿಯ ಹೊಣೆಯಿಂದ ಸರ್ಕಾರವನ್ನು ಬಿಡುಗಡೆ ಮಾಡುವ ಮಾತಾಗಬಾರದು. ಗಂಟೆಗೆ 50 ಮಿ.ಮೀ. ಮಳೆ ತಡೆಯುವಂತೆ ಚರಂಡಿಗಳನ್ನು ಹಿಗ್ಗಿಸುವ ಬ್ರಿಮ್‌ಸ್ಟೊವಾಡ್ ಯೋಜನೆಯ ವರದಿ ಬಂದದ್ದು 1993ರಲ್ಲಿ. ಅದಕ್ಕೆ ವೇಗ ಬರಲು 2005ರ ಸಾವುಗಳು ಬೇಕಾದವು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಗಜ್ದರ್‌ಬಂಧ್‌ನ ಪಂಪಿಂಗ್ ಸ್ಟೇಷನ್‌ಗಳು ಬಂದ ಮೇಲೆ ಆ ಭಾಗಗಳಲ್ಲಿ ನೀರು ಬೇಗ ಇಳಿಯುತ್ತಿದೆ. ಹಿಂದ್‌ಮಾತಾದ ನೀರನ್ನು ಹಿಡಿದಿಡಲು ನೆಲದಡಿ ಟ್ಯಾಂಕಿಗಳಾಗಿವೆ. ಇವು ನಿಜವಾದ ಕೆಲಸಗಳು, ಮೆಚ್ಚಬೇಕು. ಆದರೆ ಕಿಂಗ್ಸ್ ಸರ್ಕಲ್, ಸಯನ್, ಚೆಂಬೂರು ಕಡೆಯವರಿಗೆ ಉಸಿರು ಕೊಡಬೇಕಾದ ಮಾಹುಲ್ ಪಂಪಿಂಗ್ ಸ್ಟೇಷನ್ ಜಾಗದ ತೊಡಕಿನಲ್ಲಿ ವರ್ಷಗಟ್ಟಲೆ ಹಿಂದೆ ಬಿತ್ತು. ಮಿಠಿಯ ಹೂಳೆತ್ತುವ ಹಣದಲ್ಲೇ ಅವ್ಯವಹಾರ ನಡೆದಿದೆ ಎಂಬ ಆರೋಪದ ಮೇಲೆ 2025ರಲ್ಲಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತು. ಮುಂಬಯಿಯ ನೆರೆಯನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಎರಡನ್ನೂ ತೂಗಿ ನೋಡಿದೆ: ಚರಂಡಿ ವ್ಯವಸ್ಥೆ ಸುಧಾರಿಸಿದರೆ ನಷ್ಟವನ್ನು ಶೇ. 70ರವರೆಗೆ ಇಳಿಸಬಹುದು, ಎಲ್ಲರಿಗೂ ವಿಮೆ ಸಿಕ್ಕರೆ ನೆರೆಯ ನಂತರ ವ್ಯಾಪಾರ, ಕೆಲಸ ನಿಂತು ಆಗುವ ಪರೋಕ್ಷ ನಷ್ಟ ಅರ್ಧಕ್ಕೆ ಇಳಿಯಬಹುದು. ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಲಾರದು.

ಕ್ರಾಂತಿ ನಗರದಂಥ ಕಡೆ ಇರುವವರ ವಿಷಯ ಇನ್ನೂ ಕಠಿಣ. ತಗಡಿನ ಗೋಡೆಯ ಮನೆಗೆ, ಕಾಗದಪತ್ರ ಸರಿಯಿಲ್ಲದ ಖೋಲಿಗೆ ಪಾಲಿಸಿ ಸಿಗುವುದೇ ಕಷ್ಟ. ನಷ್ಟ ಮಾತ್ರ ಅವರಿಗೇ ಮೊದಲು, ಅವರಿಗೇ ಹೆಚ್ಚು. ನಾಗಾಲ್ಯಾಂಡ್ ಸರ್ಕಾರ 2024ರಲ್ಲಿ ಇಡೀ ರಾಜ್ಯದ ಪರವಾಗಿ ಒಂದು ಹೊಸ ಬಗೆಯ ವಿಮೆ ಕೊಂಡಿತು. ಮಳೆ ಇಂತಿಷ್ಟು ಮಿ.ಮೀ. ದಾಟಿದರೆ ಸರ್ವೇಯರ್ ಬಂದು ಮನೆ ಮನೆ ನೋಡುವ ಮುಂಚೆಯೇ ಹಣ ಬಿಡುಗಡೆಯಾಗುವಂಥದ್ದು. ಮಳೆ ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಮುಂಬಯಿಯ ವಾರ್ಡು ವಾರ್ಡುಗಳಲ್ಲಿ ಇವೆ. ದೇಶದ ಅತಿ ಶ್ರೀಮಂತ ಮಹಾನಗರ ಪಾಲಿಕೆ ತನ್ನ ಅತಿ ಬಡ ನಾಗರಿಕರ ಪರವಾಗಿ ಇಂಥದ್ದನ್ನು ಕೊಳ್ಳಬೇಕು ಎಂದು ನಾವು ಕೇಳಬೇಕು.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸವೂ ಇದೆ. ಮುಂಬಯಿ ಕನ್ನಡಿಗರಷ್ಟು ಸಂಘ ಕಟ್ಟಿದವರು ಈ ಊರಿನಲ್ಲಿ ಕಡಿಮೆ. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ಮಂಡಳಿ, ಮಾಟುಂಗಾ, ಡೊಂಬಿವಲಿಯ ಕರ್ನಾಟಕ ಸಂಘಗಳು. ಅವರದೇ ಶ್ರಮದಿಂದ ಬೆಳೆದ ಭಾರತ್ ಬ್ಯಾಂಕು, ಮೊಗವೀರ ಬ್ಯಾಂಕು. ಮೇ ತಿಂಗಳ ಒಂದು ಭಾನುವಾರ ಸಂಘದ ಸಭಾಭವನದಲ್ಲಿ ವಿಮೆಯ ಕಾಗದಗಳನ್ನು ಜಾಣರಿಂದ ಓದಿಸುವ ಶಿಬಿರ ಇಟ್ಟರೆ ಖರ್ಚು ಚಹಾ-ತಿಂಡಿಯದ್ದಷ್ಟೇ. ಹೋಟೆಲಿಗೆ ಸಾಲ ಕೊಡುವ ಬ್ಯಾಂಕು ಸಾಲದ ಮೊತ್ತಕ್ಕೆ ವಿಮೆ ಇದೆಯೇ ಎಂದು ಕೇಳಿ ಸುಮ್ಮನಾಗದೆ, ದಿನಸಿ, ಯಂತ್ರ, ಮುಚ್ಚಿದ ದಿನಗಳ ಲಾಭ ಎಲ್ಲ ಪೂರ್ತಿ ಮೌಲ್ಯಕ್ಕೆ ಸೇರಿವೆಯೇ ಎಂದು ಕೇಳಲಿ. ಹಾಗೆ ಕೇಳಿದರೆ ಬ್ಯಾಂಕಿನ ಸಾಲವೂ ಭದ್ರ, ಸಾಲಗಾರನ ಬದುಕೂ ಭದ್ರ. ಊರು ಬಿಟ್ಟು ಬಂದ ಹುಡುಗರಿಗೆ ರಾತ್ರಿಶಾಲೆ ತೆರೆದು ಅಕ್ಷರ ಕೊಟ್ಟ ಸಂಘಗಳಿಗೆ, ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹೋಟೆಲು, ಅಂಗಡಿ, ಮನೆಗಳನ್ನು ಉಳಿಸಿಕೊಳ್ಳುವ ದಾರಿ ಹೇಳಿಕೊಡುವುದು ಕಷ್ಟದ ಕೆಲಸವಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿ.